ಅರ್ಧ ಹೆಜ್ಜೆ

ಜೂನ್ ಮೊದಲ ವಾರ ಬಂದ ಪತ್ರಿಕೆಯೊಂದರ ಅಮೆರಿಕನ್ ಫುಟ್‌ಬಾಲ್ ವಿಶೇಷ ಸಂಚಿಕೆಯಲ್ಲಿ ಕೀಲನ್ ಟಾಲಿವರ್‌ನ ಫೋಟೋ ಅರ್ಧ ಪುಟ ತುಂಬಿತ್ತು. ಚೆಂಡನ್ನು ಕಂಕುಳಿಗೆ ಅವಚಿಕೊಂಡು, ಎರಡೂ ಕಾಲು ನೆಲ ಬಿಟ್ಟು ಓಡುತ್ತಿರುವ ಫೋಟೋ. ಹೋದ ವರ್ಷ ಹನ್ನೊಂದು ಪಂದ್ಯಗಳಲ್ಲಿ ಚೆಂಡು ಹಿಡಿದು ಸಾವಿರದ ನೂರ ನಲವತ್ತು ಗಜ ಓಡಿದ ಹುಡುಗ ಇವನು, ಕಾಲೇಜಿನಲ್ಲಿ ಇದು ಇವನ ಕೊನೆಯ ವರ್ಷ, ಇವನಿಗೆ ದಾರಿ ಬಿಡಿಸಿಕೊಡುವ ಮುಂದಿನ ಸಾಲಿನ ಐವರೂ ಹೋದ ವರ್ಷದವರೇ, ಈ ಸಲ ಸಾವಿರದ ಐನೂರು ದಾಟದಿದ್ದರೇ ಆಶ್ಚರ್ಯ ಎಂದು ಕೆಳಗೆ ಬರೆದಿದ್ದರು. ಆಮೇಲೆ ದೊಡ್ಡ ದೊಡ್ಡ ವೃತ್ತಿಪರ ತಂಡಗಳವರು ಕಾನ್ಸಸ್‌ನ ಈ ಮೂಲೆಗೂ ಇವನನ್ನು ನೋಡಲು ಬರಬಹುದು ಎಂದಿತ್ತು.

ಕಾಲೇಜಿದ್ದ ವೆಲ್ಬರ್ನ್ ಊರಿನವರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕಟಿಂಗ್ ಶಾಪಿನವನು ಪುಟ ಹರಿದು ಕನ್ನಡಿಗೆ ಅಂಟಿಸಿದ್ದ. ಪೆಟ್ರೋಲ್ ಬಂಕಿನ ಮುಂದೆ ಹಾದುಹೋದರೆ ಯಾರೋ ಒಬ್ಬರು ಕಾರಿನ ಕಿಟಕಿ ಇಳಿಸಿ "ಸಾವಿರದೈನೂರು!" ಎಂದು ಕೂಗುತ್ತಿದ್ದರು. ಕೀಲನ್ ಕೈ ಎತ್ತಿ ನಗುತ್ತಿದ್ದ, ನಿಲ್ಲದೆ ಮುಂದೆ ಹೋಗುತ್ತಿದ್ದ.

ಬೇಸಿಗೆಯಲ್ಲಿ ಹಾಸ್ಟೆಲಿನ ನಾಲ್ಕು ಮಹಡಿಗೂ ಸೇರಿ ಹತ್ತು ಹನ್ನೆರಡು ಜನ ಇದ್ದರೆ ಹೆಚ್ಚು. ಅವನ ಮಹಡಿಯಲ್ಲಿ ಅವನೊಬ್ಬನೇ. ಕೋಣೆಯ ಜೊತೆಗಾರ ಬ್ರೋಡಿ, ಮುಂದಿನ ಸಾಲಿನ ನೂರಾ ನಲವತ್ತು ಕೇಜಿಯ ಆಸಾಮಿ, ಗೋಧಿ ಕೊಯ್ಯುವ ಯಂತ್ರಗಳ ಜೊತೆ ಉತ್ತರಕ್ಕೆ ಹೋಗಿದ್ದ. ಹೋಗುವಾಗ ತನ್ನ ಹಳೇ ಟ್ರಕ್ಕಿನ ಕೀಲಿಯನ್ನು ಮಂಚದ ಮೇಲೆ ಎಸೆದು, "ವಾರಕ್ಕೊಂದ್ ಸಲ ಓಡ್ಸು ಮಗಾ, ಇಲ್ದಿದ್ರೆ ಬ್ಯಾಟರಿ ಸಾಯುತ್ತೆ" ಎಂದಿದ್ದ. ಕೀಲನ್ ಬೆಳಿಗ್ಗೆ ವ್ಯಾಯಾಮ ಮಾಡುತ್ತಿದ್ದ, ಮಧ್ಯಾಹ್ನ ಒಂದು ಪಾಠಕ್ಕೆ ಕೂರುತ್ತಿದ್ದ, ಸಂಜೆ ಐದಕ್ಕೇ ಊಟದ ಹಾಲ್‌ನ ಉದ್ದನೆ ಮೇಜಿನ ತುದಿಯಲ್ಲಿ ಕೂತು ಉಣ್ಣುತ್ತಿದ್ದ. ಭಾನುವಾರ ಲೂಯಿಸಿಯಾನಾದಿಂದ ಅಮ್ಮನ ಫೋನು ಬರುತ್ತಿತ್ತು. ವರ್ನೆಲ್ ಟಾಲಿವರ್ ಕಬ್ಬಿನ ಸೀಮೆಯ ಒಂದು ಶಾಲೆಯಲ್ಲಿ ಅಡುಗೆಯವಳು.

"ಏನ್ ತಿಂದೆ?"

"ಮಾಂಸ, ಆಲೂಗಡ್ಡೆ."

"ಖಾರ ಹಾಕಿದ್ರಾ?"

"ಇಲ್ಲಿ ಉಪ್ಪು ಹಾಕಿದ್ರೇ ದೊಡ್ಡದು ಅಮ್ಮಾ."

ಅವಳು ನಗುತ್ತಿದ್ದಳು, ಇವನೂ ನಗುತ್ತಿದ್ದ. ಹೇಳಬೇಕಾದದ್ದು ಒಂದಿತ್ತು. ಏಳು ತಿಂಗಳಿಂದ ಅವನು ಅದನ್ನು ಅಮ್ಮನಿಗೆ ಹೇಳಿರಲಿಲ್ಲ.

ನವೆಂಬರಿನಲ್ಲಿ, ಡನ್‌ಮೋರ್ ಕಾಲೇಜಿನ ಮೇಲಿನ ಪಂದ್ಯ. ಮುಗಿಯಲು ಆರು ನಿಮಿಷ ಉಳಿದಿತ್ತು. ತಂಡಕ್ಕೆ ಬೇಕಿದ್ದದ್ದು ಎರಡೇ ಗಜ. ಚೆಂಡನ್ನು ಕೀಲನ್ ಕೈಗೆ ಕೊಟ್ಟರು. ಬಲಕ್ಕೆ ತಿರುಗುತ್ತಿದ್ದಂತೆ ದಾರಿ ತೆರೆದುಕೊಂಡಿತು. ಎರಡು ಗಜದ ಜಾಗದಲ್ಲಿ ಒಂಬತ್ತು ಓಡಿಯಾಗಿತ್ತು. ಬಲಗಡೆ ಮೂರು ಹೆಜ್ಜೆ ಆಚೆ ಮೈದಾನದ ಅಂಚಿನ ಬಿಳಿ ಗೆರೆ. ಅದನ್ನು ದಾಟಿಬಿಟ್ಟಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಎದುರಿನಿಂದ ಇಪ್ಪತ್ತಾರನೇ ನಂಬರಿನ ಸಣಕಲನೊಬ್ಬ ಅಡ್ಡ ಹಾಕಲು ಓಡಿ ಬರುತ್ತಿದ್ದ. ಕೀಲನ್ ಗೆರೆಯನ್ನೂ ನೋಡಿದ, ಅವನನ್ನೂ ನೋಡಿದ. ನೋಡಿ, ಭುಜ ತಗ್ಗಿಸಿದ.

ಸದ್ದು ಕೇಳಿ ಜನ ಎದ್ದು ನಿಂತರು. ಕೀಲನ್ ಕೂಡ ಎದ್ದು ಎದೆ ಗುದ್ದಿಕೊಂಡು ಕೂಗಿದ. ಕೂಗಿ ಮುಗಿಸಿದ ಮೇಲೆ ನೋಡಿದರೆ ಇಪ್ಪತ್ತಾರು ಇನ್ನೂ ಎದ್ದಿರಲಿಲ್ಲ. ಹದಿನೆಂಟು ನಿಮಿಷ ಆಟ ನಿಂತಿತು. ಹಲಗೆಯ ಮೇಲೆ ಮಲಗಿಸಿ, ತಲೆಗೆ ಎರಡೂ ಕಡೆ ಪಟ್ಟಿ ಬಿಗಿದು ಅವನನ್ನು ಒಯ್ದರು. ಹಾಗೆ ಒಯ್ಯುವಾಗ ಆಟಗಾರರು ಹೆಬ್ಬೆರಳು ಎತ್ತಿ ತೋರಿಸುವುದು ರೂಢಿ, ಜನರಿಗೆ ಸಮಾಧಾನವಾಗಲಿ ಎಂದು. ಅವನು ಬೆರಳು ಎತ್ತಲಿಲ್ಲ. ಮರುಕ್ಷಣವೇ ಆಟ ಶುರುವಾಯಿತು, ಮತ್ತೆ ಚೆಂಡು ಕೀಲನ್‌ಗೇ ಕೊಟ್ಟರು, ಅವನು ಕೊನೆಯ ಗೆರೆ ಮುಟ್ಟಿ ಆರು ಅಂಕ ತಂದ.

ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ರೆಫರಿಗಳೂ, ಪತ್ರಿಕೆಯವರೂ, ಡನ್‌ಮೋರಿನ ಕೋಚ್ ಕೂಡ ಅದನ್ನೇ ಹೇಳಿದರು. ಜನವರಿಯಲ್ಲಿ ವ್ಯಾಯಾಮದ ಹಾಲ್‌ನ ಬಾಗಿಲ ಪಕ್ಕದ ಗೋಡೆಯ ಮೇಲೆ ಆ ಕ್ಷಣದ ಫೋಟೋವನ್ನು ಆಳೆತ್ತರ ಮಾಡಿಸಿ ಹಾಕಿದರು. ಅದರಲ್ಲಿ ಕೀಲನ್‌ನ ಭುಜ ಕಾಣುತ್ತಿತ್ತು, ಇಪ್ಪತ್ತಾರರ ಬಾಗಿದ ಬೆನ್ನು ಕಾಣುತ್ತಿತ್ತು. ಕೆಳಗೆ "ದಾರಿ ಬಿಡು" ಎಂಬ ಎರಡೇ ಮಾತು. ಹುಡುಗರು ಒಳಗೆ ಹೋಗುವಾಗ ಆ ಭುಜವನ್ನು ಮುಟ್ಟಿ ಹೋಗುತ್ತಿದ್ದರು. ಕೀಲನ್ ಹಿಂಬಾಗಿಲಿನಿಂದ ಹೋಗುವುದನ್ನು ರೂಢಿ ಮಾಡಿಕೊಂಡ.

ಇಪ್ಪತ್ತಾರನೇ ನಂಬರಿನ ಆ ಹುಡುಗನ ಹೆಸರು ಡೇನ್ ಪೆನ್ನರ್. ಕತ್ತಿನ ಎರಡು ಮೂಳೆ ಬಿರಿದಿದ್ದವು. ಫೆಬ್ರವರಿಯಲ್ಲಿ ಎದ್ದು ನಿಂತ, ಏಪ್ರಿಲ್‌ನಲ್ಲಿ ಕೋಲು ಹಿಡಿದು ನಡೆದ ಎಂದು ಕೀಲನ್ ಅಲ್ಲಲ್ಲಿ ಓದಿದ. ಅವನಿಗೆ ಮೂರು ಸಲ ಮೆಸೇಜು ಕಳಿಸಿದ. ಮೂರನ್ನೂ ಓದಿದ್ದು ಕಾಣುತ್ತಿತ್ತು. ಉತ್ತರ ಬರಲಿಲ್ಲ.

ಜುಲೈ ಎರಡನೇ ಶನಿವಾರ ಬೆಳಿಗ್ಗೆ ಕೀಲನ್ ಟ್ರಕ್ಕಿನ ಬ್ಯಾಟರಿಗೆಂದು ಹೊರಟವನು ಊರು ದಾಟಿದ, ಪೂರ್ವದ ಹೆದ್ದಾರಿ ಹಿಡಿದ, ಮೂರು ಗಂಟೆ ಗಾಡಿ ಓಡಿಸಿದ. ಹಾದಿಯುದ್ದಕ್ಕೂ ಗೋಧಿ ಕೊಯ್ದು ಮುಗಿದ ಹೊಲಗಳು. ಲಿಂಡೆನ್‌ಫೆಲ್ಡ್ ಎಂಬ ಊರಿನ ಚರ್ಚಿನವರು ಪೆನ್ನರ್ ಮನೆಯವರಿಗಾಗಿ ಸಹಾಯಾರ್ಥ ಊಟ ಇಟ್ಟಿದ್ದರೆಂದು ಓದಿದ್ದ. ಊರು ಇದ್ದದ್ದೇ ನಾಲ್ಕು ಬೀದಿ. ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ ಮನೆ ಕಂಡುಹಿಡಿದ.

ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಇವನು ಹೆಸರು ಹೇಳುವ ಮೊದಲೇ ಅವಳಿಗೆ ಗುರುತು ಸಿಕ್ಕಿತು. ಆ ದೃಶ್ಯವನ್ನು ಅವಳೂ ಎಷ್ಟು ಸಲ ನೋಡಿದ್ದಳೋ. ಬಾಗಿಲಿನ ಜಾಲರಿ ಇಬ್ಬರ ನಡುವೆ ಇತ್ತು. ಅವಳು ಅದನ್ನು ತೆಗೆಯಲೂ ಇಲ್ಲ, ಒಳಬಾಗಿಲು ಮುಚ್ಚಲೂ ಇಲ್ಲ.

"ಅಮ್ಮಾ, ನಾನು..."

"ಗೊತ್ತು ನೀನ್ಯಾರು ಅಂತ." ಅವಳು ಅವನ ಕಾಲು ನೋಡಿದಳು. "ಶೂ ಬಿಚ್ಚಿ ಬಾ. ಈಗ ತಾನೆ ಒರೆಸಿದ್ದೀನಿ."

ಡೇನ್ ಹಿಂದಿನ ಜಗುಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕೋಲು. ಮೈದಾನದಲ್ಲಿ ಕಂಡದ್ದಕ್ಕಿಂತಲೂ ಚಿಕ್ಕವನಾಗಿ ಕಂಡ. ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿ ನೋಡಿದ.

"ಬಂದ್ಯಾ. ದಾರಿ ಹುಡುಕೋಕೆ ಎಂಟು ತಿಂಗಳು ಬೇಕಾಯ್ತಾ?"

"ಮೆಸೇಜ್ ಕಳಿಸಿದ್ದೆ."

"ನೋಡ್ದೆ. ಏನ್ ಬರೀಬೇಕಿತ್ತು? ಪರವಾಗಿಲ್ಲ ಅಂತಾನಾ? ಪರವಾ ಇದೆ. ಅದಕ್ಕೇ ಬರೀಲಿಲ್ಲ."

ಕೀಲನ್ ನಿಂತೇ ಇದ್ದ. "ಗೆರೆ ದಾಟಿ ಆಚೆ ಹೋಗ್ಬಹುದಿತ್ತು ನಾನು. ನೋಡಿದ್ದೆ ಗೆರೆನ. ಬೇಕು ಅಂತ್ಲೇ ಹೋಗ್ಲಿಲ್ಲ" ಎಂದ.

"ಅದೂ ಗೊತ್ತು. ನೀನು ಬಲಕ್ಕೆ ಕಣ್ಣಾಡಿಸಿದ್ದು ಕಾಣ್ಸುತ್ತೆ ವಿಡಿಯೋದಲ್ಲಿ." ಡೇನ್ ಎಡಗೈಯಲ್ಲಿ ಕುರ್ಚಿಯೊಂದನ್ನು ತಳ್ಳಿದ. "ಕೂತ್ಕೊ. ಮೇಲೆ ನೋಡಿದ್ರೆ ಕತ್ತು ನೋಯುತ್ತೆ ನಂಗೆ."

ತಾಯಿ ಮಾರ್ಲಿಸ್ ಒಂದು ತಟ್ಟೆಯಲ್ಲಿ ಬಿಸಿ ಬನ್ನು ತಂದಿಟ್ಟಳು. ಒಂದರ ತಲೆಯ ಮೇಲೊಂದು ಪುಟ್ಟದು ಕೂತಂಥ ಬನ್ನು, ಜೊತೆಗೆ ಹಣ್ಣಿನ ಜಾಮು. ಇಬ್ಬರ ಮುಖವನ್ನೂ ನೋಡದೆ ಒಳಗೆ ಹೋದಳು. ಡೇನ್ ಎಡಗೈಯಲ್ಲೇ ಬನ್ನು ಮುರಿದ. ಬಲಗೈ ತೊಡೆಯ ಮೇಲೆ ಅರ್ಧ ತೆರೆದುಕೊಂಡು ಸುಮ್ಮನೆ ಬಿದ್ದಿತ್ತು.

"ಮೊದಲನೇ ತಿಂಗಳು ತಂಡದವ್ರೆಲ್ಲ ಬಂದ್ರು," ಎಂದ ತಿನ್ನುತ್ತ. "ಹಿಂಡ್ ಹಿಂಡಾಗಿ. ಆಮೇಲೆ ಇಬ್ರು ಮೂವರು. ಆಮೇಲೆ ಪಾದ್ರಿ. ಈಗ ನೀನು." ನಕ್ಕ. "ತಿನ್ನು, ವಿಷ ಹಾಕಿಲ್ಲ."

ಕೀಲನ್ ತಿಂದ. ಆಮೇಲೆ ಡೇನ್ ಲ್ಯಾಪ್‌ಟಾಪನ್ನು ಇವನ ಕಡೆ ತಿರುಗಿಸಿದ. ಅದರಲ್ಲಿ ಇದ್ದದ್ದು ಕೀಲನ್. ಹೋದ ವರ್ಷದ ಹನ್ನೊಂದೂ ಪಂದ್ಯ, ಏಪ್ರಿಲ್‌ನಲ್ಲಿ ತಂಡದೊಳಗೇ ಆಡಿದ ಅಭ್ಯಾಸ ಪಂದ್ಯ, ಎಲ್ಲ.

"ಕೆಲಸ ಇಲ್ವಲ್ಲ, ನೋಡ್ತಿರ್ತೀನಿ. ಸಾವಿರದೈನೂರು ಅಂತ ಬರ್ದಿದಾರೆ ನಿಂಗೆ. ನೀನೇನ್ ಹೇಳ್ತೀಯ?"

"ನಾನೇನೂ ಹೇಳಲ್ಲ."

"ನಾನು ಹೇಳ್ಲಾ? ಐನೂರು ದಾಟಿದ್ರೆ ನಿನ್ನ ಪುಣ್ಯ." ಏಪ್ರಿಲ್‌ನ ಒಂದು ಓಟವನ್ನು ನಿಧಾನ ಮಾಡಿ ತೋರಿಸಿದ. "ಇಲ್ನೋಡು. ಎದುರಿಗೆ ಆಳು ಬಂದ. ಡಿಕ್ಕಿ ಹೊಡೆಯೋ ಮೊದಲು ಅರ್ಧ ಹೆಜ್ಜೆ ನಿಲ್ತೀಯ. ಇಲ್ಲಿ. ಮತ್ತೆ ಇಲ್ಲಿ. ಹೋದ ವರ್ಷ ಇದು ಇರ್ಲಿಲ್ಲ. ನಿಮ್ ಕೋಚಿಗೆ ಇನ್ನೂ ಕಂಡಿಲ್ಲ. ಆಗಸ್ಟಲ್ಲಿ ಕಾಣುತ್ತೆ."

ಕೀಲನ್‌ನ ಕಿವಿ ಬಿಸಿಯಾಯಿತು. ಅವನಿಗೆ ಅದು ಗೊತ್ತಿತ್ತು. ಮೈ ಒಳಗಿಂದ ಗೊತ್ತಿತ್ತು. ಆದರೆ ಹೊರಗಿನ ಒಂದು ಕಣ್ಣು ಅದನ್ನು ಹಿಡಿದದ್ದು ಇದೇ ಮೊದಲು. ಇಡೀ ಕಾನ್ಸಸ್‌ನಲ್ಲಿ ತನ್ನನ್ನು ಸರಿಯಾಗಿ ನೋಡಿದವನು ಇವನೊಬ್ಬನೇ ಅನ್ನಿಸಿತು.

"ನಂಗೋಸ್ಕರ ಹಾಗ್ ಮಾಡ್ತಿದ್ರೆ ಬಿಟ್ಬಿಡು," ಎಂದ ಡೇನ್. "ಅದ್ರಿಂದ ನಂಗೇನೂ ಬರಲ್ಲ. ಈ ಕೈ ಮುಚ್ಚಲ್ಲ."

"ನಾನ್ ಮಾಡ್ತಿಲ್ಲ. ತಾನಾಗೇ ಆಗುತ್ತೆ."

"ಹಾಗಾದ್ರೆ ಕಷ್ಟ," ಎಂದ ಡೇನ್ ಸ್ವಲ್ಪ ಯೋಚಿಸಿ. ಡಾಕ್ಟರು ಹೇಳಿದಂತೆ ಹೇಳಿದ, ಕೊಂಕಿಲ್ಲದೆ.

ಹೊರಡುವಾಗ ಕೀಲನ್ ಅಭ್ಯಾಸಬಲದಿಂದ ಬಲಗೈ ಚಾಚಿದ. ಚಾಚಿದ ಮೇಲೆ ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತ. ಡೇನ್ ಎಡಗೈಯಿಂದ ಆ ಕೈಯ ಬೆರಳುಗಳನ್ನು ಹಿಡಿದು ಬಿಟ್ಟ.

"ಇನ್ನೊಂದ್ ಸಲ ಬರ್ಬೇಡ. ಕೋಪಕ್ಕೆ ಹೇಳ್ತಿಲ್ಲ. ಇವತ್ತಿಂದ ಅಮ್ಮ ಎರಡು ದಿನ ಮಾತಾಡಲ್ಲ ನೋಡು. ಅವಳನ್ನ ಸುಧಾರಿಸೋದು ನನ್ನ ಪಾಲಿಗೆ ಬರುತ್ತೆ."

ಮಾರ್ಲಿಸ್ ಬಾಗಿಲವರೆಗೆ ಬಂದಳು. ಅವನು ಬಗ್ಗಿ ಶೂ ಕಟ್ಟಿಕೊಳ್ಳುವವರೆಗೆ ಅವನ ತಲೆಯ ಮೇಲಿಂದ ಬೀದಿ ನೋಡುತ್ತಿದ್ದಳು.

"ನೀನಿಲ್ಲಿಗೆ ಬಂದಿದ್ದು ನಿಮ್ಮಮ್ಮಂಗೆ ಗೊತ್ತಾ?"

"ಇಲ್ಲಮ್ಮ. ಅವ್ರಿಗೆ ಏನೂ ಗೊತ್ತಿಲ್ಲ."

"ಹೇಳು," ಎಂದಳು. "ಮಕ್ಕಳು ಏನ್ ಹೊತ್ಕೊಂಡ್ ತಿರುಗ್ತಿದಾರೆ ಅಂತ ಗೊತ್ತಿರ್ಬೇಕು ತಾಯಂದ್ರಿಗೆ." ಜಾಲರಿ ಬಾಗಿಲು ಮುಚ್ಚಿದಳು. ಸದ್ದಾಗದ ಹಾಗೆ, ಕೈ ಹಿಡಿದು.

ದಾರಿಯ ಮಧ್ಯೆ ಗೋಧಿ ತುಂಬುವ ಎತ್ತರದ ಗೋಪುರಗಳ ನೆರಳಿನಲ್ಲಿ ಟ್ರಕ್ ನಿಲ್ಲಿಸಿ ಕೀಲನ್ ಅಮ್ಮನಿಗೆ ಫೋನ್ ಮಾಡಿದ. ಶನಿವಾರ ಮಗನ ಫೋನ್ ಬಂದದ್ದಕ್ಕೇ ಅವಳು ಹೆದರಿದಳು. ಅವನು ಎಲ್ಲ ಹೇಳಿದ. ಗೆರೆ ನೋಡಿದ್ದು, ಭುಜ ತಗ್ಗಿಸಿದ್ದು, ಎದೆ ಗುದ್ದಿಕೊಂಡು ಕೂಗಿದ್ದು. ಆ ಕೊನೆಯದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಅಡ್ಡ ಮಾತಾಡದೆ ಕೇಳಿದಳು.

"ಆ ಮಗೂಗೆ ಊಟ ಯಾರು ಮಾಡಿಸ್ತಾರೆ?" ಎಂದಳು ಕೊನೆಗೆ.

"ಎಡಗೈಲಿ ತಾನೇ ತಿಂತಾನೆ."

"ಹೂಂ. ನೀನು ಮಾಡಿದ್ದು ಸರಿ ಅಂತ ಹೇಳಲ್ಲ ಕಂದಾ. ಇಷ್ಟು ದಿನ ಒಬ್ನೇ ಇಟ್ಕೊಂಡಿದ್ದೆಯಲ್ಲ, ಅದೂ ಸರಿ ಅಂತ ಹೇಳಲ್ಲ."

ಆಗಸ್ಟ್ ಬಂತು. ಹಾಸ್ಟೆಲು ತುಂಬಿತು, ಬ್ರೋಡಿ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿ ಮರಳಿ ಬಂದ, ಕಾರಿಡಾರಿನಲ್ಲಿ ಗದ್ದಲವೋ ಗದ್ದಲ. ಆದರೂ ಕೀಲನ್‌ಗೆ ಬೇಸಿಗೆಯ ಖಾಲಿ ಮಹಡಿಯೇ ಒಳ್ಳೆಯದಿತ್ತೇನೋ ಅನ್ನಿಸುತ್ತಿತ್ತು. ಅಲ್ಲಿ ಒಬ್ಬನೇ ಇರುವುದಕ್ಕೆ ಒಂದು ಕಾರಣವಾದರೂ ಇತ್ತು.

ಅಭ್ಯಾಸದ ಐದನೇ ದಿನ ಓಟಗಾರರ ಕೋಚ್ ರಡ್ ಅವನನ್ನು ತನ್ನ ಕೋಣೆಗೆ ಕರೆದು ಪರದೆಯ ಮೇಲೆ ಒಂದು ಓಟ ಹಾಕಿದ. ಅರ್ಧ ಹೆಜ್ಜೆ. ಇನ್ನೊಂದು ಹಾಕಿದ. ಅರ್ಧ ಹೆಜ್ಜೆ.

"ಏನಿದು? ಮೊಣಕಾಲು ನೋವಾ?"

"ಇಲ್ಲ ಕೋಚ್."

"ಮತ್ತೆ?"

"ಬಾಗಿಲ ಹತ್ರ ಇರೋ ಆ ಫೋಟೋ ತೆಗೆಸ್ತೀರಾ ಕೋಚ್?"

ರಡ್ ಕೆಟ್ಟವನಲ್ಲ. ಇಪ್ಪತ್ತೆರಡು ವರ್ಷ ಹುಡುಗರಿಗೆ ಓಡುವುದನ್ನು ಕಲಿಸಿದ್ದ. ಆ ಹುಡುಗರಲ್ಲಿ ಕೆಲವರ ಮದುವೆ ಮಾಡಿಸಿದ್ದ, ಇಬ್ಬರ ಶವ ಹೊತ್ತಿದ್ದ. ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡ.

"ಅದು ನಿನ್ನೊಬ್ಬನ ಫೋಟೋ ಅಲ್ಲ ಮಗನೇ, ತಂಡದ್ದು. ಹೊಸ ಹುಡುಗ್ರು ಅದನ್ನ ನೋಡೇ ಇಲ್ಲಿಗ್ ಬರೋದು. ಆ ಪೆನ್ನರ್ ಹುಡುಗ ಏನಾದ್ರೂ ಅಂದ್ನಾ?"

"ಇಲ್ಲ. ಅದಿರೋದು ಅವ್ನಿಗೆ ಗೊತ್ತೇ ಇಲ್ಲ."

"ಕೇಳು. ಈ ಆಟದಲ್ಲಿ ಯೋಚ್ನೆ ಮಾಡೋನಿಗೇ ಮೊದ್ಲು ಪೆಟ್ಟಾಗೋದು. ಹಂಗೇ ಓಡಿದ್ರೆ ಈ ಸಲ ನಿನ್ನ ಕತ್ತು ಹೋಗುತ್ತೆ. ನಾನು ನಿನ್ನ ಇಳಿಸಲ್ಲ."

ಆದರೂ ಮೊದಲ ಪಂದ್ಯಕ್ಕೆ ಇಳಿಸಿದ, ಊರಿನವರು ಸುಮ್ಮನಿರಬೇಕಲ್ಲ. ಹದಿನಾಲ್ಕು ಸಾವಿರ ಜನ "ಸಾವಿರದೈನೂರು" ಎಂದು ಒಂದೇ ದನಿಯಲ್ಲಿ ಕೂಗಿದರು. ಎರಡನೇ ಭಾಗದಲ್ಲಿ ಮೂರು ಗಜ ಬೇಕಿತ್ತು. ಕೀಲನ್ ಎಡಕ್ಕೆ ಓಡಿದ. ಎರಡು ಗಜ ಸಿಕ್ಕಿತು. ಇನ್ನೊಂದು ಗಜ ಇರುವಾಗ ಎದುರಿಗೆ ಒಬ್ಬ ಬಂದ. ಯಾರೋ, ಯಾವ ನಂಬರೋ. ಕೀಲನ್ ಬಿಳಿ ಗೆರೆ ದಾಟಿ ಹೊರಗೆ ಕಾಲಿಟ್ಟ.

ಅಂಥ ಸದ್ದನ್ನು ಅವನು ತನ್ನ ಮೈದಾನದಲ್ಲಿ ಅದುವರೆಗೆ ಕೇಳಿರಲಿಲ್ಲ. ಊರಿಗೆ ಊರೇ ಹುಯಿಲಿಟ್ಟಿತು. ಬೆಂಚಿನ ಮೇಲೆ ಅವನ ಎರಡೂ ಪಕ್ಕ ಜಾಗ ಖಾಲಿ ಉಳಿಯಿತು. ಬ್ರೋಡಿ ಕೂಡ ದೂರದಲ್ಲಿ ನೀರು ಕುಡಿಯುತ್ತ ನಿಂತಿದ್ದ. ಆಟ ಮುಗಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ: "ಹೆದ್ರಿಕೊಂಡ್ಯಾ ಮಗಾ?"

"ಹೂಂ."

"ಯಾರಿಗೆ? ಅವ್ನು ನಿನ್ನ ಅರ್ಧ ಇದ್ದ."

"ಅದಕ್ಕೇ."

ಬ್ರೋಡಿಗೆ ಅರ್ಥವಾಯಿತೋ ಇಲ್ಲವೋ, ಬಗ್ಗಿ ಶೂ ಬಿಚ್ಚತೊಡಗಿದ.

ಮುಂದಿನ ವಾರದ ಪಟ್ಟಿಯಲ್ಲಿ ಮೊದಲ ಹೆಸರು ಎರಡನೇ ವರ್ಷದ ಟೈರಿಕ್ ಬೂನ್‌ನದು. ಒಳ್ಳೆಯ ಹುಡುಗ, ಗುಂಡಿನ ಹಾಗೆ ಓಡುತ್ತಿದ್ದ. ಕಟಿಂಗ್ ಶಾಪಿನ ಕನ್ನಡಿಯ ಮೇಲಿನ ಪುಟ ಅಕ್ಟೋಬರಿನ ಹೊತ್ತಿಗೆ ಕಾಣೆಯಾಯಿತು. ಪೆಟ್ರೋಲ್ ಬಂಕಿನ ಮುಂದೆ ಈಗ ಯಾರೂ ಕಿಟಕಿ ಇಳಿಸುತ್ತಿರಲಿಲ್ಲ. ರಡ್ ಅವನಿಗೆ ಬೇರೆ ಕೆಲಸ ಕೊಟ್ಟ. ಚೆಂಡು ಎಸೆಯುವವನ ಪಕ್ಕದಲ್ಲಿ ನಿಂತು, ಅವನ ಮೇಲೆ ನುಗ್ಗಿ ಬರುವವರನ್ನು ತಡೆದು ನಿಲ್ಲಿಸುವುದು. ಅದರಲ್ಲಿ ಓಡಿಹೋಗಿ ಡಿಕ್ಕಿ ಹೊಡೆಯುವುದಿಲ್ಲ. ಕಾಲು ಊರಿ, ಎರಡೂ ಅಂಗೈ ಎದುರಾಳಿಯ ಎದೆಗೆ ಕೊಟ್ಟು, ಅವನ ಭಾರ ಹೊತ್ತು ನಿಲ್ಲಬೇಕು. ಅದನ್ನು ಯಾವ ಪತ್ರಿಕೆಯೂ ಗಜದಲ್ಲಿ ಅಳೆಯುವುದಿಲ್ಲ. ಕೀಲನ್ ಅದನ್ನು ಶ್ರದ್ಧೆಯಿಂದ ಕಲಿತ. ವರ್ಷದ ಲೆಕ್ಕಕ್ಕೆ ಅವನು ಓಡಿದ್ದು ಒಟ್ಟು ಇನ್ನೂರ ಎಂಬತ್ತು ಗಜ. ದೊಡ್ಡ ತಂಡಗಳವರು ಬಂದರು, ಬೂನ್‌ನನ್ನು ನೋಡಿ ಹೋದರು.

ನವೆಂಬರಿನ ಕೊನೆಯ ಪಂದ್ಯದ ದಿನ ಕೊನೆ ವರ್ಷದ ಆಟಗಾರರ ಜೊತೆ ಅವರ ತಂದೆತಾಯಿ ಮೈದಾನದ ಮಧ್ಯದವರೆಗೆ ನಡೆದು ಬರುವುದು ಆ ಕಾಲೇಜಿನ ಪದ್ಧತಿ. ವರ್ನೆಲ್ ಇಪ್ಪತ್ತೆರಡು ಗಂಟೆ ಬಸ್ಸಿನಲ್ಲಿ ಕೂತು ಬಂದಳು. ಯಾರಿಂದಲೋ ಎರವಲು ತಂದ ದಪ್ಪ ಕೋಟಿನೊಳಗೆ ಮುಳುಗಿಹೋಗಿದ್ದಳು. ಧ್ವನಿವರ್ಧಕದಲ್ಲಿ ಮಗನ ಹೆಸರು ಕರೆದಾಗ ಚಪ್ಪಾಳೆ ಬಂತು, ಸಾಧಾರಣವಾಗಿ. ಅವಳು ಎಲ್ಲರಿಗೂ ಕೈ ಬೀಸಿದಳು. ಆಟದಲ್ಲಿ ಕೀಲನ್ ಹನ್ನೊಂದು ಸಲ ಇಳಿದ. ಚೆಂಡು ಒಂದು ಸಲವೂ ಮುಟ್ಟಲಿಲ್ಲ.

ಆಮೇಲೆ ಹೋಟೆಲಿನಲ್ಲಿ ಎದುರುಬದುರು ಕೂತಾಗ ವರ್ನೆಲ್ ಸೂಪಿಗೆ ತನ್ನ ಚೀಲದಿಂದ ಖಾರದ ಬಾಟಲಿ ತೆಗೆದು ಸುರಿದುಕೊಂಡಳು.

"ನಂಗೆ ಆಟ ಅರ್ಥ ಆಗಲ್ಲ," ಎಂದಳು. "ಒಂದ್ ಕೇಳ್ತೀನಿ. ಆ ಅರವತ್ತನೇ ನಂಬರಿನ ಠೊಣಪನ್ನ ಅಷ್ಟೊತ್ತು ಯಾಕ್ ಅಪ್ಕೊಂಡಿದ್ದೆ?"

ಕೀಲನ್‌ಗೆ ಬಾಯಲ್ಲಿದ್ದ ಸೂಪು ಮೂಗಿಗೆ ಹತ್ತಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳು ಬೆನ್ನು ತಟ್ಟಲು ಮೇಜಿನ ಮೇಲೆ ಬಾಗಿದವಳು ಹಾಗೇ ಕೈ ಇಟ್ಟುಕೊಂಡು ಕೂತಳು, ಅವನ ನಗು ಅಳುವಾಗಿ, ಅದೂ ನಿಲ್ಲುವವರೆಗೆ.

"ಅವ್ನು ಬೀಳ್ದೆ ಇರ್ಲಿ ಅಂತ ಅಂದ್ಕೊಂಡೆ ನಾನು," ಎಂದಳು.

"ಅಲ್ಲಮ್ಮ. ಅವ್ನು ಮುಂದೆ ಹೋಗ್ಬಾರ್ದು ಅಂತ."

"ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ ಬಿಡು."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳ ಬಸ್ಸು. ಗಾಳಿ ಜೋರಾಗಿತ್ತು. ಸೋಮವಾರ ಶಾಲೆಯ ಮಕ್ಕಳಿಗೆ ಅಡುಗೆ ಮಾಡಬೇಕು, ನಿಲ್ಲುವ ಹಾಗಿರಲಿಲ್ಲ. ಖಾರದ ಬಾಟಲಿಯನ್ನು ಅವನ ಕೋಟಿನ ಜೇಬಿಗೆ ತುರುಕಿ, ಕೆನ್ನೆ ಹಿಂಡಿ ಹತ್ತಿದಳು. ಅವಳಿಗೆ ಸಿಕ್ಕಿದ ಜಾಗ ಆಚೆ ಬದಿಯ ಕಿಟಕಿ. ಈಚೆ ಬದಿಯಲ್ಲಿ ನಿಂತವನಿಗೆ ಬೇರೆಯವರ ತಲೆಗಳಷ್ಟೇ ಕಂಡವು. ಆದರೂ ಬಸ್ಸು ಮೂಲೆ ತಿರುಗುವವರೆಗೆ ಕೀಲನ್ ಕೈ ಎತ್ತಿಕೊಂಡೇ ಇದ್ದ.

ಭಾನುವಾರ ಊಟದ ಹಾಲ್ ತೆರೆಯುವುದು ಹನ್ನೊಂದಕ್ಕೆ. ಇನ್ನೂ ಎರಡು ಗಂಟೆ ಹೊತ್ತಿತ್ತು. ಅವನು ಕಾಲರ್ ಎತ್ತಿಕೊಂಡು ಹಾಸ್ಟೆಲಿನ ಕಡೆ ನಿಧಾನವಾಗಿ ನಡೆದ.